ಬೋರ್ಡು ನಿಮ್ಮದು, ಅಳತೆಯೂ ನಿಮ್ಮದೇ ಇರಲಿ

ನಮ್ಮ ಮನೆಯ ಕೆಳಗಡೆ ಬಾಡಿಗೆಗಿರುವ ಟೈಲರಮ್ಮ ಅಳತೆ ಬ್ಲೌಸ್ ತರದಿದ್ದರೆ ಬಟ್ಟೆ ಮುಟ್ಟುವುದಿಲ್ಲ. "ನಮ್ಮಕ್ಕನ ಅಳತೇನೇ ನಂಗೂ ಆಗುತ್ತೆ, ಹೊಲಿದುಬಿಡಿ" ಅಂತ ಯಾರಾದರೂ ಅಂದರೆ ಬಟ್ಟೆಯನ್ನು ನೀಟಾಗಿ ಮಡಚಿ ಅವರ ಕೈಗೇ ವಾಪಸ್ ಕೊಡುತ್ತಾರೆ. ಮಹಡಿ ಮೇಲಿನ ನನ್ನ ಬೆಂಚಿಗೆ ಬೋರ್ಡು ಹಿಡಿದು ಬರುವ ನಿಮಗೂ ಹಾಗೇ ಮಾಡಬೇಕು ಅಂದುಕೊಳ್ಳುತ್ತೇನೆ. ಆದರೆ ಪೀಣ್ಯದಿಂದ ಬಿಸಿಲಲ್ಲಿ ಬಂದ ಮುಖ ನೋಡಿದರೆ ಮನಸ್ಸು ಬರುವುದಿಲ್ಲ. ನೀರು ಕೊಟ್ಟು ಕೂರಿಸಿ ಮೊದಲು ಕೇಳುವುದು ಒಂದೇ: "ಈ ಈಥರ್‌ನೆಟ್ ಡ್ರೈವರ್ ಫೈಲು ಯಾರ ಬೋರ್ಡಿನದು?" ಉತ್ತರವೂ ಸಾಮಾನ್ಯವಾಗಿ ಒಂದೇ: "ಚಿಪ್ ಕಂಪನಿಯ ಎಕ್ಸಾಂಪಲ್ ಆಂಟಿ, ಏನೂ ಚೇಂಜ್ ಮಾಡಿಲ್ಲ." ಚೇಂಜ್ ಮಾಡಿಲ್ಲ ಅನ್ನುವುದನ್ನು ಹೆಮ್ಮೆಯಿಂದ ಹೇಳುತ್ತೀರಿ. ಎಡವಟ್ಟು ಇರುವುದೇ ಅಲ್ಲಿ.

ಸಿಟ್ಟಾಗಬೇಡಿ. ಆ ಫೈಲು ಬರೆದವರು ತಿಳಿದವರೇ. ಆದರೆ ಅವರ ಮೇಜಿನ ಮೇಲಿದ್ದ ಬೋರ್ಡಿನ ಅಳತೆಗೆ ಬರೆದರು. ಅದರ ಕ್ರಿಸ್ಟಲ್ ಬೇರೆ, ಫೈ ಚಿಪ್ಪು ಬೇರೆ, ಪಿನ್ನು ಬೇರೆ, ಮೆಮೊರಿ ಬೇರೆ. ಅದನ್ನು ಹಾಗೇ ತಂದು ನಿಮ್ಮ ಬೋರ್ಡಿಗೆ ತೊಡಿಸಿ, ಕಂಕುಳಲ್ಲಿ ಹಿಡಿದ ತಕ್ಷಣ "ಡ್ರೈವರ್‌ನಲ್ಲೇ ಬಗ್ ಇದೆ" ಅನ್ನುತ್ತೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಈಥರ್‌ನೆಟ್ ಅನ್ನುವುದು ಇಬ್ಬರ ಸಂಸಾರ. ಮ್ಯಾಕ್ ನಿಮ್ಮ ಮೈಕ್ರೋಕಂಟ್ರೋಲರಿನ ಹೊಟ್ಟೆಯೊಳಗೇ ಇರುತ್ತದೆ. ಫೈ ಪಕ್ಕದಲ್ಲಿ ಕೂತಿರುವ ಪುಟ್ಟ ಚಿಪ್ಪು. ಮ್ಯಾಕ್ ಪ್ಯಾಕೆಟ್ ಕಟ್ಟಿಕೊಡುತ್ತದೆ, ಫೈ ಅದನ್ನು ತಂತಿಯ ಮೇಲೆ ಓಡಿಸುತ್ತದೆ. ಸಣ್ಣ ಬೋರ್ಡುಗಳಲ್ಲಿ ಇಬ್ಬರ ನಡುವಿನ ದಾರಿ ಎರಡು ಬಗೆ. ಎಂಐಐ ಆದರೆ ಹೋಗಲು ನಾಲ್ಕು, ಬರಲು ನಾಲ್ಕು ಡೇಟಾ ತಂತಿ, 100 ಮೆಗಾಬಿಟ್ ವೇಗಕ್ಕೆ 25 ಮೆಗಾಹರ್ಟ್ಸ್ ಕ್ಲಾಕ್. ಆರ್‌ಎಂಐಐ ಆದರೆ ಎರಡೆರಡೇ ತಂತಿ, ಅದಕ್ಕೇ ಕ್ಲಾಕ್ 50 ಮೆಗಾಹರ್ಟ್ಸ್. ನಿಮ್ಮದು ಯಾವುದು ಅಂತ ಫೈಲು ನೋಡಿ ಹೇಳಬೇಡಿ, ಸರ್ಕ್ಯೂಟ್ ಡ್ರಾಯಿಂಗ್ ನೋಡಿ ಹೇಳಿ. ಡ್ರಾಯಿಂಗ್ ಬೇರೆ ಡಿಪಾರ್ಟ್‌ಮೆಂಟಿನಲ್ಲಿದೆ ಅಂದರೆ ಹೋಗಿ ಕೇಳಿ ತನ್ನಿ. ಕೇಳಿದರೆ ಯಾರೂ ನಿಮ್ಮನ್ನು ದಡ್ಡರು ಅನ್ನುವುದಿಲ್ಲ.

ಎಸ್‌ಟಿಎಂ 32 ಬಳಸುವವರು ಇನ್ನೊಂದು ನೆನಪಿಡಿ. ಎಂಐಐಯೋ ಆರ್‌ಎಂಐಐಯೋ ಅನ್ನುವುದನ್ನು ಮ್ಯಾಕ್ ಇನ್ನೂ ರೀಸೆಟ್‌ನಲ್ಲಿರುವಾಗಲೇ ಹೇಳಿಬಿಡಬೇಕು. ಮದುವೆ ಮುಗಿದ ಮೇಲೆ ಜಾತಕ ತೋರಿಸಿ ಏನು ಬಂತು? ಇನ್ನು ಫೈ ಕಡೆಯಿಂದ ಕ್ಲಾಕ್ ಬರದೇ ಇದ್ದರೆ, ಡಿಎಂಎ ಸಾಫ್ಟ್‌ವೇರ್ ರೀಸೆಟ್ ಬಿಟ್ಟು 1 ಆಗಿದ್ದು ಮತ್ತೆ 0 ಆಗುವುದೇ ಇಲ್ಲ. ಪ್ರೋಗ್ರಾಂ ಮೊದಲ ಮೆಟ್ಟಿಲಲ್ಲೇ ಕೂತುಬಿಡುತ್ತದೆ. ಆಗ ನೀವು ಸ್ಟ್ಯಾಕ್ ಗಾತ್ರ ಹೆಚ್ಚಿಸುತ್ತೀರಿ, ಕಂಪೈಲರ್ ಬದಲಿಸುತ್ತೀರಿ, ಹೊಸ ವರ್ಷನ್ ಇಳಿಸಿಕೊಳ್ಳುತ್ತೀರಿ. ಸ್ಕೋಪಿನ ಪ್ರೋಬ್ ತೆಗೆದು ಕ್ಲಾಕ್ ಪಿನ್ನಿಗೆ ಇಡುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತೀರಿ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಹಾಗೆ ಮೂರು ದಿನ ಕಳೆದು ಬಂದ. ಬೋರ್ಡಿನ ಮೇಲೆ ಎಲ್‌ಎಎನ್ 8720 ಅನ್ನುವ ಫೈ, ಅದಕ್ಕೆ 25 ಮೆಗಾಹರ್ಟ್ಸ್ ಕ್ರಿಸ್ಟಲ್. ಈ ಚಿಪ್ಪು 25 ಇಟ್ಟುಕೊಂಡು ತಾನೇ 50 ಮಾಡಿ ಮ್ಯಾಕ್‌ಗೆ ಕೊಡಬಲ್ಲದು. ಹೊರಗಿನಿಂದ ಬರುವ 50ನ್ನೂ ತೆಗೆದುಕೊಳ್ಳಬಲ್ಲದು. ಎರಡರಲ್ಲಿ ಯಾವುದು ಅನ್ನುವುದನ್ನು ರೀಸೆಟ್ ಆಗುವ ಗಳಿಗೆಯಲ್ಲಿ ಒಂದು ಎಲ್‌ಇಡಿ ಪಿನ್ನು ಮೇಲಿದೆಯೋ ಕೆಳಗಿದೆಯೋ ನೋಡಿ ತೀರ್ಮಾನಿಸುತ್ತದೆ. ಕೆಳಗೆಳೆಯುವ ರೆಸಿಸ್ಟರನ್ನು ಡ್ರಾಯಿಂಗಿನಲ್ಲಿ ಬರೆದಿದ್ದರು, ಬೋರ್ಡಿನಲ್ಲಿ ಕೂರಿಸಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಎರಡು ಬೋಳು ಪ್ಯಾಡು ಪಳಪಳ ಹೊಳೆಯುತ್ತಿದ್ದವು. ಫೈ ಹೊರಗಿನಿಂದ 50 ಬರಲಿ ಅಂತ ಕಾಯುತ್ತಿತ್ತು, ಮ್ಯಾಕ್ ಫೈ ಕಡೆಯಿಂದ ಬರಲಿ ಅಂತ ಕಾಯುತ್ತಿತ್ತು. ಊಟಕ್ಕೆ ನೀವು ಏಳಿ, ಮೊದಲು ನೀವು ಏಳಿ ಅಂತ ಬೀಗರಿಬ್ಬರೂ ಕೂತೇ ಇದ್ದ ಹಾಗೆ. ಒಂದು 10 ಕಿಲೋ ಓಮ್ ರೆಸಿಸ್ಟರ್ ಬೆಸುಗೆ ಹಾಕಿದ್ದಕ್ಕೆ ಹಸಿರು ದೀಪ ಹತ್ತಿತು. ಹುಡುಗನ ಮುಖವೂ ಅರಳಿತು.

ದೀಪ ಹತ್ತಿದರೆ ಎಲ್ಲ ಸರಿಯಾಯಿತು ಅಂತಲೂ ಅಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ದೀಪ ಹತ್ತಿಸುವುದು ಫೈ ಒಂದೇ, ಮ್ಯಾಕ್ ನಿದ್ದೆ ಹೊಡೆಯುತ್ತಿದ್ದರೂ ಅದು ಹತ್ತುತ್ತದೆ. ಆದ್ದರಿಂದ ಐಪಿ, ಟಿಸಿಪಿ, ಮಾಡ್‌ಬಸ್ ಅಂತ ಮೇಲಕ್ಕೆ ಹಾರುವ ಮೊದಲು ಎಂಡಿಐಒ ತಂತಿಯ ಮೇಲೆ ಫೈಯನ್ನು ಮಾತಾಡಿಸಿ. ಎರಡನೇ ಮತ್ತು ಮೂರನೇ ರಿಜಿಸ್ಟರಿನಲ್ಲಿ ಅದರ ಗುರುತು ಇರುತ್ತದೆ. ಎಲ್‌ಎಎನ್ 8720 ಆದರೆ ಎರಡನೆಯದರಲ್ಲಿ ಹೆಕ್ಸ್ 0007, ಡಿಪಿ 83848 ಆದರೆ ಹೆಕ್ಸ್ 2000. ಹದಿನಾರು ಬಿಟ್ಟೂ 1 ಅಂತ ಬಂದರೆ ಆ ಮನೆಯಲ್ಲಿ ಯಾರೂ ಇಲ್ಲ ಅಂತ ಅರ್ಥ. ಆಗ ವಿಳಾಸ ನೋಡಿ, ಎಂಡಿಐಒ ತಂತಿಗೆ ಪುಲ್‌ಅಪ್ ರೆಸಿಸ್ಟರ್ ಇದೆಯೋ ನೋಡಿ, ಎಂಡಿಸಿ ಕ್ಲಾಕ್ 2.5 ಮೆಗಾಹರ್ಟ್ಸ್ ಮೀರಿದೆಯೋ ನೋಡಿ.

ವಿಳಾಸದ ವಿಷಯ ಸ್ವಲ್ಪ ನಿಧಾನವಾಗಿ ಕೇಳಿ, ಇದರಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಒಂದೇ ಎಂಡಿಐಒ ತಂತಿಯಲ್ಲಿ 0ರಿಂದ 31ರವರೆಗೆ ವಿಳಾಸಗಳಿರಬಹುದು. ಎಲ್‌ಎಎನ್ 8720 ಸುಮ್ಮನೆ ಬಿಟ್ಟರೆ 0ಯಲ್ಲಿ ಕೂರುತ್ತದೆ. ಡಿಪಿ 83848 ಸುಮ್ಮನೆ ಬಿಟ್ಟರೆ 1ರಲ್ಲಿ ಕೂರುತ್ತದೆ. 2021ರಲ್ಲಿ ಚಿಪ್ಪುಗಳಿಗೆ ಬರ ಬಂದಿತ್ತಲ್ಲ, ಆಗ ಎಸ್.ಪಿ. ರೋಡ್ ಅಂಗಡಿಗಳಲ್ಲಿ ಕೇಳಿದ್ದು ಸಿಗುತ್ತಿರಲಿಲ್ಲ, ಸಿಕ್ಕಿದ್ದು ತರುವುದೇ ಆಗಿತ್ತು. ನಾನು ಕೆಲಸ ಮಾಡಿಕೊಡುತ್ತಿದ್ದ ಒಂದು ಜಾಗದಲ್ಲಿ ಫೈ ಬದಲಾಯಿತು, ಬೋರ್ಡಿನ ಲೇಔಟ್ ಬದಲಾಯಿತು. ಫರ್ಮ್‌ವೇರಿನಲ್ಲಿ ವಿಳಾಸದ ಒಂದು ಸಾಲು ಮಾತ್ರ ಬದಲಾಗಲಿಲ್ಲ. ಆ ಸಾಲು ನನ್ನದೇ. ಬೋರ್ಡುಗಳೆಲ್ಲ ಪ್ಯಾಕ್ ಆಗಿ ಲಾರಿ ಹತ್ತುವ ಹೊತ್ತಿಗೆ ಗೊತ್ತಾಯಿತು. ಅವತ್ತಿನಿಂದ ನಾನು ವಿಳಾಸ ಬರೆದಿಡುವುದೇ ಇಲ್ಲ. ಶುರುವಿನಲ್ಲಿ 0ರಿಂದ 31ರವರೆಗೆ ಒಂದೊಂದನ್ನೂ ಓದಿ, ಯಾರು ಸರಿಯಾದ ಗುರುತು ಹೇಳುತ್ತಾರೋ ಅವರನ್ನು ಹಿಡಿದುಕೊಳ್ಳುತ್ತೇನೆ. ಇಪ್ಪತ್ತು ಸಾಲಿನ ಕೆಲಸ, ನೀವೂ ಹಾಗೇ ಮಾಡಿ.

ಇನ್ನು ನಿಮ್ಮ ಆತುರ. ಕರೆಂಟ್ ಕೊಟ್ಟ ಮರುಕ್ಷಣವೇ ಫೈಯನ್ನು ಪ್ರಶ್ನೆ ಕೇಳುತ್ತೀರಿ. ಅದಕ್ಕೂ ಕಣ್ಣುಜ್ಜಿಕೊಂಡು ಏಳಬೇಕಲ್ಲ? ಡಿಪಿ 83848 ಡೇಟಾಶೀಟಿನಲ್ಲಿ 167 ಮಿಲಿಸೆಕೆಂಡ್ ಕಾಯಿರಿ ಅಂತಲೇ ಬರೆದಿದೆ. ಆಟೋ ನೆಗೋಶಿಯೇಶನ್ ಮುಗಿಯಲು ಮತ್ತೆ ಒಂದೆರಡು ಸೆಕೆಂಡ್ ಬೇಕು. ಹಾಗಂತ ಶುರುವಿನ ಕೋಡಿನಲ್ಲೇ ಲೂಪ್ ಹಾಕಿ ಕಾಯುತ್ತ ಕೂರಬೇಡಿ. ಕೇಬಲ್ ಹಾಕದೆ ಸ್ವಿಚ್ ಆನ್ ಮಾಡಿದರೆ ಇಡೀ ಬೋರ್ಡು ಅಲ್ಲೇ ನಿಂತು ಮೋಟರಿಗೆ ಸಿಗ್ನಲ್ಲೇ ಹೋಗುವುದಿಲ್ಲ. ಲಿಂಕ್ ನೋಡಲು ಒಂದು ಚಿಕ್ಕ ಟಾಸ್ಕ್ ಬೇರೆ ಇಡಿ, ಅರ್ಧ ಸೆಕೆಂಡಿಗೊಮ್ಮೆ ನೋಡಲಿ. ಹಳೆಯ ಕೆಲವು ಡ್ರೈವರುಗಳು ಲಿಂಕನ್ನು ಶುರುವಿನಲ್ಲಿ ಒಂದೇ ಸಲ ನೋಡುತ್ತವೆ. ಆಮೇಲೆ ಕೇಬಲ್ ಚುಚ್ಚಿದರೂ ತಿರುಗಿ ನೋಡುವುದಿಲ್ಲ. ಇನ್ನೊಂದು: ಒಂದನೇ ರಿಜಿಸ್ಟರಿನ ಲಿಂಕ್ ಬಿಟ್ಟು ಒಮ್ಮೆ ಬಿದ್ದರೆ ನೀವು ಓದುವವರೆಗೂ ಬಿದ್ದೇ ಇರುತ್ತದೆ. ಹಳೇ ಸುದ್ದಿ ಹೇಳುತ್ತದೆ. ಈಗಿನ ಸುದ್ದಿ ಬೇಕಾದರೆ ಎರಡು ಸಲ ಓದಿ.

ಫೈ ಮತ್ತು ಆಚೆ ಕಡೆಯ ಸ್ವಿಚ್ಚು ಮಾತಾಡಿಕೊಂಡು ವೇಗ, ಡ್ಯೂಪ್ಲೆಕ್ಸ್ ಎರಡನ್ನೂ ಒಪ್ಪಿಕೊಳ್ಳುತ್ತವೆ. ಒಪ್ಪಿದ್ದನ್ನು ನೀವು ಮ್ಯಾಕ್‌ಗೂ ಹೇಳಬೇಕು. ಹೇಳದಿದ್ದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. "100 ಫುಲ್ ಅಂತ ಫಿಕ್ಸ್ ಮಾಡಿಬಿಟ್ಟರೆ ತಲೆನೋವಿಲ್ಲ" ಅಂತ ಜಾಣತನ ಮಾಡುವವರೂ ಇದ್ದೀರಿ. ಬೇಡ. ನೀವು ಮಾತು ನಿಲ್ಲಿಸಿ ಫುಲ್ ಅಂತ ಕೂತರೆ, ಆಟೋದಲ್ಲಿರುವ ಆಚೆಯ ಸ್ವಿಚ್ಚು ವೇಗವನ್ನೇನೋ ಊಹಿಸುತ್ತದೆ, ಡ್ಯೂಪ್ಲೆಕ್ಸ್ ಗೊತ್ತಾಗದೆ ಹಾಫ್‌ಗೆ ಇಳಿಯುತ್ತದೆ. ಪಿಂಗ್ ಚೆನ್ನಾಗೇ ಹೋಗುತ್ತದೆ, ದೊಡ್ಡ ಫೈಲು ಕಳಿಸಿದಾಗ ಕುಂಟುತ್ತದೆ. ಇಂಥ ಕಾಯಿಲೆ ಕಂಡುಹಿಡಿಯುವುದು ಬಲು ಕಷ್ಟ, ಏಕೆಂದರೆ ಪೂರ್ತಿ ಕೆಟ್ಟಿರುವುದಿಲ್ಲ. ಎರಡೂ ಕಡೆ ಆಟೋ ಇರಲಿ, ಇಲ್ಲವೇ ಎರಡೂ ಕಡೆ ಒಂದೇ ಲೆಕ್ಕಕ್ಕೆ ಫಿಕ್ಸ್ ಮಾಡಿ.

ಮೆಮೊರಿಗೆ ಬನ್ನಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಈ ಕೆಲಸಕ್ಕೇ ಹೇಳಿಸಿದ ಹಾಗಿದೆ. ಒಂದು ಪೂರ್ತಿ ಈಥರ್‌ನೆಟ್ ಫ್ರೇಮು 1518 ಬೈಟು, ವಿಲ್ಯಾನ್ ಟ್ಯಾಗ್ ಸೇರಿದರೆ 1522. ಸ್ವಲ್ಪ ಸಡಿಲ ಬಿಟ್ಟು 1536 ಅಂತ ಇಟ್ಟರೆ ಬಫರ್‌ಗಳು 32 ಬೈಟಿನ ಗಡಿಗೂ ಸರಿಯಾಗಿ ಕೂರುತ್ತವೆ. ಬರುವುದಕ್ಕೆ ಎಂಟು, ಹೋಗುವುದಕ್ಕೆ ನಾಲ್ಕು ಅಂದರೂ 18 ಕಿಲೋಬೈಟ್ ಆಯಿತು. ನಿಮ್ಮ ಚಿಪ್ಪಿನಲ್ಲಿ ಇರುವುದೇ 64 ಆದರೆ, ಎಕ್ಸಾಂಪಲ್‌ನಲ್ಲಿ ಹದಿನಾರಿತ್ತು ಅಂತ ಹದಿನಾರೇ ಇಟ್ಟು ಮಿಕ್ಕ ಟಾಸ್ಕುಗಳನ್ನು ಉಪವಾಸ ಕೆಡವಬೇಡಿ. ಎಲ್‌ಡಬ್ಲ್ಯುಐಪಿಯೂ ತನ್ನ ಪಾಲು ಕೇಳುತ್ತದೆ ಅನ್ನುವುದನ್ನು ಮರೆಯಬೇಡಿ. ಲೆಕ್ಕವನ್ನು ಕಾಗದದ ಮೇಲೆ ಕೂಡಿಸಿ, ಬಾಯಲ್ಲಿ ಅಲ್ಲ.

ಎಸ್‌ಟಿಎಂ 32ರ ಎಫ್ 7, ಎಚ್ 7 ಬಳಸುವವರು ಇಲ್ಲಿ ಕಿವಿ ಅಗಲ ಮಾಡಿ. ಅವುಗಳಲ್ಲಿ ಡೇಟಾ ಕ್ಯಾಶೆ ಇದೆ. ಡಿಎಂಎ ನೇರವಾಗಿ ಮೆಮೊರಿಗೆ ಬರೆಯುತ್ತದೆ, ನಿಮ್ಮ ಸಿಪಿಯು ಕ್ಯಾಶೆಯಲ್ಲಿರುವ ಹಳೇ ನಕಲು ಓದುತ್ತ ಕೂತಿರುತ್ತದೆ. ಬಾಗಿಲ ಹೊರಗೆ ಹಾಲಿನವನು ಪ್ಯಾಕೆಟ್ ಇಟ್ಟು ಹೋಗಿದ್ದಾನೆ, ಒಳಗೆ ನೀವು ನಿನ್ನೆಯ ಪಾತ್ರೆ ಅಲ್ಲಾಡಿಸಿ "ಹಾಲೇ ಬಂದಿಲ್ಲ" ಅನ್ನುತ್ತಿದ್ದೀರಿ. ಡಿಸ್ಕ್ರಿಪ್ಟರುಗಳಿರುವ ಜಾಗವನ್ನು ಎಂಪಿಯು ಮೂಲಕ ಕ್ಯಾಶೆ ಆಗದ ಹಾಗೆ ಮಾಡಿ. ಬಫರ್‌ಗಳನ್ನು ಕ್ಯಾಶೆಯಲ್ಲೇ ಇಡುತ್ತೀರಾದರೆ ಓದುವ ಮುಂಚೆ ಇನ್‌ವ್ಯಾಲಿಡೇಟ್, ಕಳಿಸುವ ಮುಂಚೆ ಕ್ಲೀನ್ ಮಾಡುವುದನ್ನು ತಪ್ಪಿಸಬೇಡಿ. ಎಚ್ 7ರಲ್ಲಿ ಇನ್ನೂ ಒಂದು ಗುಂಡಿ ಇದೆ: ಡಿಟಿಸಿಎಂ ಮೆಮೊರಿಗೆ ಈಥರ್‌ನೆಟ್ ಡಿಎಂಎ ಕೈ ಎಟುಕುವುದೇ ಇಲ್ಲ. ಲಿಂಕರ್ ಫೈಲನ್ನು ತೆರೆದೂ ನೋಡದಿದ್ದರೆ ನಿಮ್ಮ ಬಫರ್‌ಗಳೆಲ್ಲ ಅಲ್ಲೇ ಹೋಗಿ ಬೀಳಬಹುದು. ಮ್ಯಾಪ್ ಫೈಲ್ ತೆರೆದು ಯಾವುದು ಎಲ್ಲಿ ಕೂತಿದೆ ಅಂತ ಬೆರಳಿಟ್ಟು ನೋಡಿ.

ಇಂಟರಪ್ಟ್ ಆದ್ಯತೆಯ ಮಾತು ಬೇಗ ಮುಗಿಸುತ್ತೇನೆ. ಈ ಚಿಪ್ಪುಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಆದ್ಯತೆ ಚಿಕ್ಕದು. ಫ್ರೀಆರ್‌ಟಿಒಎಸ್‌ನ ಗಡಿ 5 ಅಂತ ಇಟ್ಟಿದ್ದರೆ ಈಥರ್‌ನೆಟ್ ಇಂಟರಪ್ಟ್ 5 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಯಲ್ಲೇ ಇರಬೇಕು. ನೆಟ್‌ವರ್ಕ್ ಬಲು ಮುಖ್ಯ ಅಂತ 0 ಕೊಟ್ಟರೆ ಇಡೀ ಮನೆ ಬೀಳುತ್ತದೆ, ಅದೂ ಯಾವತ್ತೋ ಒಂದು ದಿನ. ಇಂಟರಪ್ಟಿನೊಳಗೆ ಪ್ಯಾಕೆಟ್ ಬಿಚ್ಚುತ್ತ ಕೂರಬೇಡಿ, ಗಂಟೆ ಬಾರಿಸಿ ಹೊರಗೆ ಬನ್ನಿ, ಬಿಚ್ಚುವ ಕೆಲಸ ಟಾಸ್ಕಿನದು. ಹಾಗೇ ಎಲ್‌ಡಬ್ಲ್ಯುಐಪಿಯ ರಾ ಫಂಕ್ಷನ್‌ಗಳನ್ನು ಸಿಕ್ಕ ಸಿಕ್ಕ ಟಾಸ್ಕಿನಿಂದ ಕರೆಯಬೇಡಿ. ಆ ಅಡುಗೆಮನೆಗೆ ಒಬ್ಬರೇ ಅಡುಗೆಯವರು. ಬೇರೆಯವರಿಗೆ ಏನಾದರೂ ಬೇಕಿದ್ದರೆ ಬಾಗಿಲಲ್ಲಿ ಚೀಟಿ ಕೊಡಬೇಕು, ಒಳಗೆ ನುಗ್ಗಿ ಸೌಟು ಹಿಡಿಯಬಾರದು.

ಸೌಟು ಅಂದಾಗ ಉಪ್ಪು ನೆನಪಾಯಿತು. ಚೆಕ್‌ಸಮ್ ಹಾಕುವುದು ಯಾರು ಅಂತ ಮೊದಲೇ ನಿರ್ಧಾರ ಆಗಬೇಕು, ಹಾರ್ಡ್‌ವೇರೋ ಎಲ್‌ಡಬ್ಲ್ಯುಐಪಿಯೋ. ಇಬ್ಬರೂ ಹಾಕಿದರೆ ಸಾರಿಗೆ ಅತ್ತೆಯೂ ಉಪ್ಪು ಹಾಕಿ ಸೊಸೆಯೂ ಉಪ್ಪು ಹಾಕಿದ ಹಾಗೆ, ಪಿಂಗ್ ಉತ್ತರದ ಚೆಕ್‌ಸಮ್ಮೇ ಕೆಡಬಹುದು. ಅವಳು ಹಾಕಿರುತ್ತಾಳೆ ಅಂತ ಇಬ್ಬರೂ ಬಿಟ್ಟರೆ ಸಪ್ಪೆ, ಆಚೆಯವರು ಬಾಯಿಗೂ ಇಡದೆ ಚೆಲ್ಲುತ್ತಾರೆ. ಎರಡೂ ಸಲ ನಿಮ್ಮ ಕಡೆ ಕಾಣುವುದು ಒಂದೇ: ಎಲ್ಲ ಕಳಿಸಿದ್ದೇನೆ, ಉತ್ತರವಿಲ್ಲ. ವೈರ್‌ಶಾರ್ಕ್ ಹಾಕಿ ಒಂದೇ ಒಂದು ಪ್ಯಾಕೆಟ್ ಬಿಚ್ಚಿ ನೋಡಿ, ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಲಿನಕ್ಸ್ ಬೋರ್ಡಿನವರು ಪಕ್ಕದಲ್ಲಿ ಕೂತು ನಗಬೇಡಿ. ನಿಮ್ಮ ಕಾಯಿಲೆ ಡಿವೈಸ್ ಟ್ರೀಯಲ್ಲಿ ಕೂತಿರುತ್ತದೆ, ಅಷ್ಟೇ ವ್ಯತ್ಯಾಸ. ಗಿಗಾಬಿಟ್ಟಿನ ಆರ್‌ಜಿಎಂಐಐ ಆದರೆ ಕ್ಲಾಕಿಗೆ ಸುಮಾರು 2 ನ್ಯಾನೋಸೆಕೆಂಡ್ ತಡ ಸೇರಿಸಬೇಕು. ಅದನ್ನು ಬೋರ್ಡಿನ ತಂತಿಯ ಉದ್ದದಲ್ಲಿ ಕೊಟ್ಟಿದ್ದಾರೋ, ಫೈ ಕೊಡಬೇಕೋ ಅನ್ನುವುದನ್ನು ಫೈ-ಮೋಡ್ ಸಾಲಿನಲ್ಲಿ ಬರೆಯುತ್ತೀರಿ. ಇಲ್ಲೂ ಯಾರದೋ ಬೋರ್ಡಿನ ಸಾಲನ್ನೇ ಅಂಟಿಸುತ್ತೀರಿ. ಲೇಔಟ್ ಮಾಡಿದವರನ್ನು ಕೇಳಿ ಬರೆಯಿರಿ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ, ಮ್ಯಾಕ್ ವಿಳಾಸ. ಎಕ್ಸಾಂಪಲ್ ಫೈಲಿನಲ್ಲಿ 00:80:ಇ1:00:00:00 ಅಂತ ಇರುತ್ತದೆ. ಆ ಮೊದಲ ಮೂರು ಬೈಟು ಎಸ್‌ಟಿ ಕಂಪನಿಯ ಹೆಸರಿನಲ್ಲಿರುವುದು, ನಿಮ್ಮದಲ್ಲ. ಅದನ್ನೇ ನೂರು ಬೋರ್ಡಿಗೂ ಹಾಕಿ ಕಳಿಸುತ್ತೀರಿ. ಬೆಂಚಿನ ಮೇಲೆ ಒಂದೊಂದೇ ಪರೀಕ್ಷೆ ಮಾಡುವಾಗ ಎಲ್ಲ ಪಾಸ್. ಗ್ರಾಹಕರ ಶೆಡ್ಡಿನಲ್ಲಿ ಎರಡು ಮಿಷನ್ ಅಕ್ಕಪಕ್ಕ ಬಂದ ದಿನ ಸ್ವಿಚ್ಚಿಗೆ ತಲೆ ಕೆಡುತ್ತದೆ. ಇಬ್ಬರೂ ಒಂದೇ ಹೆಸರು ಹೇಳಿಕೊಂಡು ಬಂದರೆ ಅದು ಕಾಗದ ಯಾರಿಗೆ ಕೊಡಬೇಕು? ಒಮ್ಮೆ ಇವನಿಗೆ, ಒಮ್ಮೆ ಅವನಿಗೆ. ಒಂದು ಕಡೆ ಇಡೀ ವಾರ ಕೇಬಲ್ ಬದಲಿಸಿದರು, ಸ್ವಿಚ್ ಬದಲಿಸಿದರು, ಕೊನೆಗೆ ಸರಬರಾಜು ಮಾಡಿದವರನ್ನೇ ಬದಲಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಐಇಇಇ ಹತ್ತಿರ 4096 ವಿಳಾಸಗಳ ಚಿಕ್ಕ ಬ್ಲಾಕ್ ಕೊಂಡುಕೊಳ್ಳಬಹುದು. ಅಷ್ಟು ಬೇಡ ಅಂದರೆ 24ಎಎ02ಇ48 ಅಂತ ಒಂದು ಪುಟ್ಟ ಇಇಪ್ರಾಮ್ ಸಿಗುತ್ತದೆ, ಪ್ರತಿಯೊಂದರ ಹೊಟ್ಟೆಯಲ್ಲೂ ಬೇರೆ ಬೇರೆ ವಿಳಾಸ ಬರೆದೇ ಬಂದಿರುತ್ತದೆ. ಅದೂ ಬೇಡ, ಬೆಂಚಿನ ಮೇಲೆ ಆಡಿಸಲು ಮಾತ್ರ ಅಂದರೆ 02ರಿಂದ ಶುರುವಾಗುವ ವಿಳಾಸ ಇಟ್ಟು, ಮಿಕ್ಕಿದ್ದನ್ನು ಚಿಪ್ಪಿನ 96 ಬಿಟ್ಟಿನ ಸ್ವಂತ ಗುರುತಿನಿಂದ ಮಾಡಿಕೊಳ್ಳಿ. ಹೇಗೋ ಮಾಡಿ, ಎರಡು ಬೋರ್ಡಿಗೆ ಒಂದೇ ಹೆಸರಿಡಬೇಡಿ. ಬೋರ್ಡಿನ ಮೇಲೆ ಸ್ಟಿಕ್ಕರೂ ಅಂಟಿಸಿ.

ಪರೀಕ್ಷೆ ಅಂದರೆ ನಾಲ್ಕು ಪಿಂಗ್ ಹೊಡೆದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುವುದಲ್ಲ. ನಮ್ಮ ಪಕ್ಕದ ಇದೇ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿದರು, 1975ರ ಏಪ್ರಿಲ್ 19ಕ್ಕೆ ಸೋವಿಯತ್ ನೆಲದಿಂದ ಅದು ಮೇಲೇರಿತು. ಮೇಲೆ ಹೋದದ್ದಕ್ಕೆ ರೀಸೆಟ್ ಬಟನ್ ಒತ್ತಲು ಯಾರೂ ಏಣಿ ಹಾಕಲಾಗುವುದಿಲ್ಲ. ನಿಮ್ಮ ಬೋರ್ಡು ಅಷ್ಟು ದೂರ ಹೋಗುವುದಿಲ್ಲ, ದಾಬಸ್‌ಪೇಟೆಗೋ ಹೊಸೂರಿಗೋ ಹೋಗುತ್ತದೆ. ಆದರೂ ಪ್ಯಾನೆಲ್ ಒಳಗೆ ಕೂತ ಮೇಲೆ ಅದೂ ಆಕಾಶವೇ. ಪಿಂಗನ್ನು 32 ಬೈಟಿನಲ್ಲಿ ನಿಲ್ಲಿಸದೆ 1472ರಲ್ಲೂ ಹೊಡೆಯಿರಿ. ತಲೆಬರಹದ 28 ಸೇರಿ 1500 ತುಂಬುತ್ತದೆ, ಬಫರಿನ ಹುಳುಕು ಅಲ್ಲಿ ಹೊರಬರುತ್ತದೆ. ಓಡುತ್ತಿರುವಾಗ ಕೇಬಲ್ ಕೀಳಿ, ಮತ್ತೆ ಚುಚ್ಚಿ, ಇಪ್ಪತ್ತು ಸಲ ಮಾಡಿ. ಕೇಬಲ್ ಇಲ್ಲದೆ ಆನ್ ಮಾಡಿ ಆಮೇಲೆ ಚುಚ್ಚಿ. ಒಂದು ರಾತ್ರಿ ಪೂರ್ತಿ ಓಡಲು ಬಿಟ್ಟು ಮನೆಗೆ ಹೋಗಿ.

ಕರೆಂಟ್ ಹೋಗಿ ಬರುವ ಆಟವನ್ನೂ ಆಡಿಸಿ. ನಮ್ಮ ಕಡೆ ಅದಕ್ಕೆ ಬರವಿಲ್ಲ. ಕರೆಂಟ್ ಬಂದಾಗ ನಿಮ್ಮ ಬೋರ್ಡು ಕ್ಷಣದಲ್ಲಿ ಎದ್ದು ನಿಲ್ಲುತ್ತದೆ, ಶೆಡ್ಡಿನ ಸ್ವಿಚ್ಚು ಮತ್ತು ರೂಟರ್ ಏಳಲು ಒಂದು ನಿಮಿಷ ಬೇಕಾಗಬಹುದು. ಅಷ್ಟರಲ್ಲಿ ನೀವು ಡಿಎಚ್‌ಸಿಪಿಗೆ ನಾಲ್ಕು ಸಲ ಕೂಗಿ, ಯಾರೂ ಓಗೊಡಲಿಲ್ಲ ಅಂತ ಮುನಿಸಿಕೊಂಡು ಸುಮ್ಮನಾದರೆ ಸಂಜೆವರೆಗೂ ಹಾಗೇ. ಕೇಳುತ್ತಲೇ ಇರಬೇಕು, ಲಿಂಕ್ ಬಂದಾಗಲೆಲ್ಲ ಹೊಸದಾಗಿ ಕೇಳಬೇಕು.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಬನ್ನಿ, ಬೇಡ ಅನ್ನುವುದಿಲ್ಲ. ಲಗ್ಗೆರೆ ಬ್ರಿಡ್ಜ್ ಹತ್ತಿರ ಇಳಿದು ಫೋನ್ ಮಾಡಿ. ಸರ್ಕ್ಯೂಟ್ ಡ್ರಾಯಿಂಗ್ ತನ್ನಿ, ಮೊಬೈಲಿನ ಮಸುಕು ಫೋಟೋ ಅಲ್ಲ, ಪ್ರಿಂಟು. ಮ್ಯಾಪ್ ಫೈಲ್ ತನ್ನಿ. ಕೂರಿಸಿದ ಫೈ ಚಿಪ್ಪಿನ ಮೇಲಿನ ಬರಹವನ್ನು ನೀವೇ ಕಣ್ಣಾರೆ ನೋಡಿ ಬರೆದುಕೊಂಡು ಬನ್ನಿ, ಬಿಲ್ಲಿನಲ್ಲಿದೆ ಅನ್ನಬೇಡಿ. ಬೋರ್ಡಿನ ಅಡಾಪ್ಟರ್ ನಿಮ್ಮದೇ ಇರಲಿ. ಮತ್ತೆ ಆ ಕ್ಲಿಪ್ ಮುರಿದ ನೀಲಿ ಲ್ಯಾನ್ ಕೇಬಲ್, ಹೋದ ಸಲ ಟೇಪು ಸುತ್ತಿ ತಂದಿದ್ದಿರಲ್ಲ, ಅದನ್ನು ದಾರಿಯಲ್ಲೇ ಕಸದ ಗಾಡಿಗೆ ಹಾಕಿ ಬನ್ನಿ. ಕೇಬಲ್ ನನ್ನ ಹತ್ತಿರ ಇದೆ.